ಹಲ್ಲು ನೋವಿಗೂ ಚೆಕ್‌ಪೋಸ್ಟ್

ಕೊರೊನಾ ಲಾಕ್‌ಡೌನ್‌ನಲ್ಲಿ ಬಾಯಿ ಸರ್ಜರಿಗೆ ಬರುವವರು ಕಡಿಮೆ ಆದರಂತೆ, ನಿಮ್ಮ ಕಡೆ ಹಲ್ಲು ನೋವೇ ಇರಲಿಲ್ವಾ ಅಂತ ಕೇಳಿದ್ದೀರಿ. ನೋವಿತ್ತು. ಹೋಗೋಕೆ ದಾರಿ ಇರಲಿಲ್ಲ.

ನಮ್ಮದು ಲಕ್ಷ್ಮೇಶ್ವರದ ಹತ್ತಿರದ ಹಳ್ಳಿ. ಗದಗ ಜಿಲ್ಲೆ ಇಲ್ಲಿಗೆ ಮುಗಿಯುತ್ತದೆ, ಆಚೆ ಹಾವೇರಿ, ಧಾರವಾಡ. 1997ರವರೆಗೆ ಮೂರೂ ಒಂದೇ ಜಿಲ್ಲೆ. ಬೇರೆಯಾದ ಮೇಲೂ ನಮ್ಮ ಓಡಾಟ ಬದಲಾಗಲಿಲ್ಲ. ಮದುವೆ ಸೀರೆಗೂ ಹುಬ್ಬಳ್ಳಿ, ದೊಡ್ಡ ದವಾಖಾನೆಗೂ ಹುಬ್ಬಳ್ಳಿ. ಊರಿನ ಹಲ್ಲಿನ ಡಾಕ್ಟರು ತಮ್ಮ ಕೈಲಾಗದ ಕೇಸಿಗೆ ಚೀಟಿ ಬರೆದರೆ ಹುಬ್ಬಳ್ಳಿಯ ಸರ್ಕಾರಿ ದವಾಖಾನೆ ಕಿಮ್ಸ್, ಇಲ್ಲಾಂದ್ರೆ ಧಾರವಾಡದ ಸತ್ತೂರಿನ ಎಸ್‌ಡಿಎಂ ಹಲ್ಲಿನ ಕಾಲೇಜು. ಜಿಲ್ಲೆಗೆ ಗಡಿ ಇದೆ ಅಂತ ನಮಗೆ ಗೊತ್ತಾಗಿದ್ದೇ 2020ರ ಮಾರ್ಚ್ 25ಕ್ಕೆ. ಬಸ್ ನಿಂತವು, ರಸ್ತೆಗೆ ಅಡ್ಡ ಬ್ಯಾರಿಕೇಡ್ ಬಿತ್ತು, ಪಾಸ್ ಕೇಳತೊಡಗಿದರು.

ಚೀಟಿ ಬರೆಯೋ ಡಾಕ್ಟರೂ ಬಾಗಿಲು ಹಾಕಿದ್ದರು. ಬೈಯೋ ಹಾಗಿಲ್ಲ ಬಿಡಿ. ಹಲ್ಲು ಕೊರೆಯೋ ಮಷೀನು ಎಂಜಲಿನ ತುಂತುರನ್ನು ನೇರ ಅವರ ಮುಖಕ್ಕೇ ಹಾರಿಸುತ್ತದೆ. ತುರ್ತು ಇದ್ದರೆ ಮಾತ್ರ ನೋಡಬೇಕು ಅನ್ನೋ ಸೂಚನೆಯೂ ಇತ್ತು. ಹಾಗಾಗಿ ಫೋನಿನಲ್ಲೇ ಮಾತ್ರೆ.

ನಮ್ಮ ಕಾಕಾಗೆ ಕೆಳದವಡೆಯಲ್ಲಿ ಒಂದು ಹುಳುಕು ಹಲ್ಲಿತ್ತು. ಮೊದಲು ಲವಂಗ ಇಟ್ಟರು. ಆಮೇಲೆ ಮೆಡಿಕಲ್ ಶಾಪಿನ ಮಾತ್ರೆ, ನೋವು ತಗ್ಗಿತು, ಸುಮ್ನಾದರು. ಹತ್ತು ದಿನಕ್ಕೆ ಬಾವು ಗದ್ದದ ಕೆಳಗಿಳಿದು ಕುತ್ತಿಗೆಗೆ ಬಂತು. ಎಂಜಲು ನುಂಗೋಕೂ ಆಗದು. ಹಲ್ಲಿನ ಕೀವು ನಾಲಿಗೆಯ ಕೆಳಗೆ ಹರಡಿದರೆ ಉಸಿರೇ ಕಟ್ಟಬಹುದು ಅಂತ ಅವತ್ತು ಯಾರಿಗೆ ಗೊತ್ತಿತ್ತು? ತರಕಾರಿ ಟಂಟಂನಲ್ಲಿ ಕೂರಿಸಿಕೊಂಡು ಹೊರಟೆವು. ಚೆಕ್‌ಪೋಸ್ಟಿನಲ್ಲಿ ಪಾಸ್ ಅಂದರು. ಕಾಕಾಗೆ ಮಾತೇ ಬರ್ತಿರಲಿಲ್ಲ, ಮುಖಕ್ಕೆ ಸುತ್ತಿದ್ದ ಟವೆಲ್ ಕೆಳಗಿಳಿಸಿದರು. "ಹೋಗ್ರಿ, ಹೋಗ್ರಿ" ಅಂದ ಪೊಲೀಸ್. ಹುಬ್ಬಳ್ಳಿಯಲ್ಲಿ ಹೊರಗಿನಿಂದ ಕೊಯ್ದು ಕೀವು ತೆಗೆದರು. ಹಲ್ಲು ಕೀಳಿಸಿ ಅದೇ ದಿನ ಮನೆಗೆ ಬರೋ ಕೆಲಸಕ್ಕೆ ಒಂದು ವಾರ ಹಾಸಿಗೆ.

ಬಂದವರು ಕಡಿಮೆ ಅನ್ನೋದೂ ಪೂರ್ತಿ ಕೆಟ್ಟ ಸುದ್ದಿ ಅಲ್ಲ. ರಸ್ತೆ ಖಾಲಿ, ಮೇ 4ರವರೆಗೆ ಮದ್ಯದಂಗಡಿ ಬಂದ್. ಬೈಕಿನಿಂದ ಬಿದ್ದು ದವಡೆ ಮುರಿದುಕೊಳ್ಳೋರು ಎಲ್ಲಿಂದ ಬರಬೇಕು? ನನಗೆ ಹೆದರಿಕೆ ಬೇರೆಯವರದು. ನಮ್ಮ ಕಡೆ ಗುಟ್ಕಾ ಜಾಸ್ತಿ. ಬಾಯಿಗೆ ಮೂರು ಬೆರಳು ಹೋಗದವರು, ಕೆನ್ನೆಯೊಳಗೆ ಬಿಳಿ ಕಲೆ ಇದ್ದವರು ಓಣಿಗೊಬ್ಬರು ಸಿಗುತ್ತಾರೆ. ಕಲೆ ನೋಯೋದಿಲ್ಲವಲ್ಲ, "ಬಸ್ ಚಾಲೂ ಆಗ್ಲಿ, ನೋಡೋಣ" ಅಂದುಬಿಟ್ಟರು. ಕ್ಯಾನ್ಸರ್ ಶುರುವಿನಲ್ಲಿ ಹೀಗೇ ಸುಮ್ಮನಿರುತ್ತದೆ.

2021ರ ಮೇನಲ್ಲಿ ಎಲ್ಲ ತಿರುವುಮುರುವಾಯಿತು. ಕೊರೊನಾದಿಂದ ಎದ್ದವರಿಗೆ, ಅದರಲ್ಲೂ ಶುಗರ್ ಇದ್ದು ಸ್ಟೀರಾಯ್ಡ್ ತೊಗೊಂಡವರಿಗೆ, ಬ್ಲ್ಯಾಕ್ ಫಂಗಸ್. ಕೆಲವರಿಗೆ ಮೇಲ್ದವಡೆಯನ್ನೇ ತೆಗೆಯಬೇಕಾಯಿತು. ಅದರ ಔಷಧ ಆಂಫೊಟೆರಿಸಿನ್ ಇಂಜೆಕ್ಷನ್ನಿಗೆ ಪರದಾಟ. ಹಿಂದಿನ ವರ್ಷ ರೋಗಿ ಇಲ್ಲದೆ ಕೂತಿದ್ದ ಬಾಯಿ ಸರ್ಜನ್ನರಿಗೆ ಆಗ ಕೊರೊನಾ ವಾರ್ಡಿನಿಂದಲೇ ಚೀಟಿ.

ಕಾಕಾನ ಗದ್ದದ ಕೆಳಗೆ ಗಾಯದ ಗುರುತು ಹಾಗೇ ಇದೆ. ಯಾರಾದರೂ ಕೇಳಿದರೆ "ಇದು ಕೊರೊನಾದ್ದು" ಅನ್ನುತ್ತಾರೆ. ಅವರಿಗೆ ಕೊರೊನಾ ಬಂದೇ ಇರಲಿಲ್ಲ.