ಮಂಗಳವಾರ, ಶುಕ್ರವಾರದ ಲೆಕ್ಕ

ಓದುಗರ ಪತ್ರ: ತುಮಕೂರಿನಿಂದ ಒಬ್ಬ ತಾಯಿ ಬರೆದಿದ್ದಾರೆ. ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಮನೆಯಲ್ಲಿ ಗಂಡ, ಇಬ್ಬರು ಮಕ್ಕಳು, ಅತ್ತೆ. ‘ಇಬ್ಬರೂ ದುಡಿದರೂ ಇಪ್ಪತ್ತನೇ ತಾರೀಕಿಗೆ ಕೈ ಖಾಲಿ. ನಿನಗೆ ಕೈ ಬಿಗಿ ಇಲ್ಲ ಅಂತಾರೆ ಅತ್ತೆ. ಈರುಳ್ಳಿ ಕೊಳ್ಳುವಾಗಲೂ ಎರಡು ಅಂಗಡಿ ವಿಚಾರಿಸುತ್ತೇನೆ. ಬೆಳಗ್ಗೆ ಐದಕ್ಕೆ ಎದ್ದರೆ ರಾತ್ರಿ ಹನ್ನೊಂದಕ್ಕೆ ಮಲಗೋದು. ಇನ್ನೆಲ್ಲಿ ಉಳಿಸಲಿ, ನೀವೇ ಹೇಳಿ’ ಎಂದು ಕೇಳಿದ್ದಾರೆ. ಪತ್ರದ ಜೊತೆ ಒಂದು ತಿಂಗಳ ಖರ್ಚನ್ನು ಮಗಳ ಹಳೇ ನೋಟ್‌ಬುಕ್ಕಿನ ಹಾಳೆಗಳಲ್ಲಿ ತಾರೀಕು ಸಮೇತ ಬರೆದು ಕಳಿಸಿದ್ದಾರೆ.

ಸಂಪಾದಕರ ಉತ್ತರ:

ಪ್ರೀತಿಯ ಸೋದರಿ,

ನಿಮ್ಮ ಪತ್ರಕ್ಕಿಂತ ನಿಮ್ಮ ಲೆಕ್ಕದ ಹಾಳೆಗಳನ್ನು ನಾನು ಜಾಸ್ತಿ ಸಲ ಓದಿದೆ. ಹತ್ತು ರೂಪಾಯಿ ಕೊತ್ತಂಬರಿಯನ್ನೂ ಬಿಡದೆ ಬರೆದಿದ್ದೀರಿ. ಹೀಗೆ ಬರೆದಿಡುವವರಿಗೆ ಕೈ ಬಿಗಿ ಇಲ್ಲ ಅನ್ನುವ ಮಾತು ಹೊಂದುವುದೇ ಇಲ್ಲ. ಅದನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ.

ಈಗ ಹಾಳೆಗೆ ಬರೋಣ. ಹೊರಗಿನಿಂದ ಊಟ ತರಿಸಿದ್ದು 13 ಸಲ, ಒಟ್ಟು 4,680 ರೂಪಾಯಿ. ಅದರ ಪಕ್ಕದಲ್ಲಿ ನೀವು ‘ಸೋಮಾರಿತನ’ ಎಂದು ಬರೆದು ಗೆರೆ ಎಳೆದಿದ್ದೀರಿ. ಆ ಪದ ನೋಡಿ ನನಗೆ ಬೇಜಾರಾಯಿತು. ಅದಕ್ಕೇ ಕ್ಯಾಲೆಂಡರ್ ತೆಗೆದು ತಾರೀಕುಗಳನ್ನು ಒಂದೊಂದಾಗಿ ಹೊಂದಿಸಿ ನೋಡಿದೆ. 13ರಲ್ಲಿ 9 ಸಲ ಮಂಗಳವಾರ ಅಥವಾ ಶುಕ್ರವಾರ. ಅದೇ ದಿನಗಳಲ್ಲಿ ‘ಆಟೋ 130’ ಅಂತಲೂ ಇದೆ. ಅದೂ 9 ಸಲ.

ಪತ್ರದ ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ: ವಾರಕ್ಕೆ ಎರಡು ದಿನ ಆಫೀಸಿನಲ್ಲಿ ಏಳು ಗಂಟೆವರೆಗೆ ಕೂರಬೇಕು, ಮಕ್ಕಳು ಹಸಿದಿರುತ್ತಾರೆಂದು ಬಸ್ಸಿಗೆ ಕಾಯದೆ ಓಡಿ ಬರುತ್ತೇನೆ ಎಂದು. ಬಂದು ನೋಡಿದರೆ ಒಲೆ ತಣ್ಣಗಿರುತ್ತದೆ. ಫೋನ್ ಕೈಗೆ ಬರುತ್ತದೆ. ಇದು ಸೋಮಾರಿತನವಲ್ಲ, ಸುಸ್ತು. ನಿಮ್ಮ ಮನೆಯ ದುಡ್ಡು ಸೋರುತ್ತಿರುವುದು ಈರುಳ್ಳಿಯಲ್ಲಿ ಅಲ್ಲ, ಈ ಎರಡು ಸಂಜೆಗಳಲ್ಲಿ.

ಹಾಗಾಗಿ ನಾನು ನಿಮಗೆ ಹೊಸ ಕೆಲಸ ಯಾವುದನ್ನೂ ಹೇಳುವುದಿಲ್ಲ. ಸಾಬೂನಿನ ಪುಡಿ ಮನೆಯಲ್ಲೇ ಮಾಡಿ, ರಜೆಯ ದಿನ ಸಂತೆಗೆ ಹೋಗಿ, ನಾಲ್ಕೂವರೆಗೆ ಏಳಿ ಎನ್ನುವವರು ಬೇಕಾದಷ್ಟು ಜನ ಇದ್ದಾರೆ. ಈಗಾಗಲೇ ದಣಿದವರ ತಲೆ ಮೇಲೆ ಇನ್ನೊಂದು ಕೆಲಸ ಹೇರಿದರೆ ಮೂರನೇ ವಾರಕ್ಕೆ ಅದು ಬಿದ್ದೇ ಹೋಗುತ್ತದೆ. ಮತ್ತೆ ಫೋನೇ ಕೈಗೆ ಬರುತ್ತದೆ.

ಆ ಎರಡು ಸಂಜೆಗಳನ್ನು ನಿಮ್ಮ ಕೈಯಿಂದ ಬಿಡಿಸಬೇಕು. ‘ನಮ್ಮವರು ಆರೂವರೆಗೆ ಮನೆಗೆ ಬರುತ್ತಾರೆ’ ಎಂದು ಬರೆದಿದ್ದೀರಲ್ಲ, ಅಲ್ಲೇ ಉತ್ತರ ಇದೆ. ಮಂಗಳವಾರ ಮತ್ತು ಶುಕ್ರವಾರದ ಅಡುಗೆ ಅವರದ್ದು. ‘ಸ್ವಲ್ಪ ಸಹಾಯ ಮಾಡ್ರೀ’ ಅಂತ ಕೇಳಬೇಡಿ. ಸಹಾಯ ಅಂದರೆ ಕೆಲಸ ನಿಮ್ಮದು, ಅವರು ಕೈ ಜೋಡಿಸಿದರು ಅಂತಾಗುತ್ತದೆ. ಹಾಳೆಯನ್ನು ಅವರ ಮುಂದಿಟ್ಟು ಆ 9 ತಾರೀಕುಗಳನ್ನು ತೋರಿಸಿ, ಇದು ನಮ್ಮಿಬ್ಬರ ದುಡ್ಡು ಎಂದು ಹೇಳಿ. ಲೆಕ್ಕ ಕಣ್ಣೆದುರು ಇದ್ದಾಗ ಜಗಳ ಕಡಿಮೆ. ಇದು ನನ್ನ ಸ್ವಂತ ಅನುಭವ.

ಅಡುಗೆಯೂ ಸುಲಭದ್ದೇ ಇರಲಿ. ಬೆಳಗ್ಗೆ ನೀವು ಹೊರಡುವಾಗ ತೊಗರಿಬೇಳೆಯನ್ನೋ ಹೆಸರುಕಾಳನ್ನೋ ತೊಳೆದು ನೀರಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಸಂಜೆ ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ. ಕುಕ್ಕರಿನ ತಳದಲ್ಲಿ ಬೇಳೆ, ಮೇಲಿನ ಡಬ್ಬಿಯಲ್ಲಿ ಅಕ್ಕಿ. ಸಾರಿನ ಪುಡಿ ಮನೆಯಲ್ಲಿದೆ, ಒಗ್ಗರಣೆ ಹಾಕಿದರೆ ಮುಗಿಯಿತು. ಇನ್ನೊಂದು ದಿನ ಉಪ್ಪಿಟ್ಟು. ರವೆಯನ್ನು ಕೊಂಡು ತಂದ ದಿನವೇ ಪೂರ್ತಿ ಹುರಿದು ಆರಿಸಿ ಡಬ್ಬಿಗೆ ತುಂಬಿಬಿಡಿ. ಬೇಗ ಹುಳ ಬೀಳುವುದಿಲ್ಲ, ಸಂಜೆ ಹುರಿಯುವ ಕೆಲಸವೂ ಇಲ್ಲ. ಪುಳಿಯೋಗರೆ ಗೊಜ್ಜು ಒಂದು ಸಲ ಎಣ್ಣೆ ಬಿಡುವವರೆಗೆ ಕಾಯಿಸಿಟ್ಟರೆ ವಾರಗಟ್ಟಲೆ ಬರುತ್ತದೆ. ನಿಮ್ಮ ಅತ್ತೆಯವರ ಕೈ ರುಚಿಯನ್ನು ನೀವೇ ಹೊಗಳಿದ್ದೀರಿ. ಅವರು ನಿಂತು ಅಡುಗೆ ಮಾಡಬೇಕಿಲ್ಲ, ಕುರ್ಚಿಯಲ್ಲಿ ಕೂತು ಮಗನಿಗೆ ಅಳತೆ ಹೇಳಿಕೊಡಲಿ. ಹಿರಿಯರಿಗೂ ತಮ್ಮ ಮಾತಿಗೆ ಬೆಲೆ ಇದೆ ಎಂದು ಸಮಾಧಾನವಾಗುತ್ತದೆ.

ಮನೆಯಲ್ಲಿ ಊಟ ತಯಾರಿದೆ ಎಂದು ಗೊತ್ತಿದ್ದರೆ ನೀವು ಆಟೋ ಹಿಡಿದು ಓಡಿ ಬರಬೇಕಿಲ್ಲ, ನಿಧಾನವಾಗಿ ಬಸ್ಸಿಗೆ ಬರಬಹುದು. 2023ರ ಜೂನ್ 11ರಿಂದ ರಾಜ್ಯ ಸಾರಿಗೆಯ ಸಾಮಾನ್ಯ ಬಸ್‌ಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಉಳಿದ ದಿನಗಳಲ್ಲಿ ಬಸ್ಸಿನಲ್ಲೇ ಓಡಾಡುತ್ತಿದ್ದೀರಲ್ವಾ?

ಲೆಕ್ಕ ಹಾಕಿ. 9 ಊಟಕ್ಕೆ 3,240, 9 ಆಟೋಗೆ 1,170. ಒಟ್ಟು 4,410. ಮನೆ ಅಡುಗೆಗೂ ಸಾಮಾನು ಬೇಕು, ಅದಕ್ಕೆ 1,000 ಕಳೆಯೋಣ. ಉಳಿದದ್ದು 3,410.

ಇನ್ನೊಂದು ಜಾಗ ಇದೆ. ಮನೆಗೆ ಸಾಮಾನು ತಂದುಕೊಡುವ ಆ್ಯಪ್‌ನಿಂದ 17 ಸಲ ತರಿಸಿದ್ದೀರಿ. ಬೇಕಿದ್ದದ್ದು ಮೊಸರು, ಜೀರಿಗೆ, ಮಗನ ಪ್ರಾಜೆಕ್ಟಿಗೆ ಗೋಂದು. ಆದರೆ ಇಷ್ಟು ರೂಪಾಯಿ ದಾಟಿದರೆ ಡೆಲಿವರಿ ಉಚಿತ ಅಂತ ತೋರಿಸುತ್ತಾರೆ. ಅದಕ್ಕೋಸ್ಕರ ಚಿಪ್ಸ್, ಬಿಸ್ಕತ್ತು, ಜ್ಯೂಸ್ ಸೇರಿವೆ. ಅವನ್ನೂ, ಉಳಿದ ದಿನಗಳಲ್ಲಿ ಕೊಟ್ಟ ಡೆಲಿವರಿ ಚಾರ್ಜನ್ನೂ ಕೂಡಿಸಿದರೆ 1,420 ಆಯಿತು. ಫ್ರಿಜ್ ಬಾಗಿಲಿಗೆ ಒಂದು ಚೀಟಿ, ಒಂದು ಪೆನ್ಸಿಲ್ ಕಟ್ಟಿಡಿ. ಡಬ್ಬಿ ಅರ್ಧಕ್ಕೆ ಬಂದದ್ದನ್ನು ಯಾರು ನೋಡುತ್ತಾರೋ ಅವರೇ ಬರೆಯಬೇಕು, ಮಕ್ಕಳೂ ಸೇರಿ. ಶನಿವಾರ ಅದರ ಫೋಟೋ ತೆಗೆದು ಬೀದಿ ತುದಿಯ ದಿನಸಿ ಅಂಗಡಿಯವರಿಗೆ ವಾಟ್ಸಾಪ್ ಮಾಡಿ. ಈಗ ಬಹಳಷ್ಟು ಅಂಗಡಿಯವರು ಹುಡುಗನ ಕೈಲಿ ಕಳಿಸಿಕೊಡುತ್ತಾರೆ. ಡಬ್ಬಿ ಖಾಲಿಯಾದ ಮೇಲೆ ಕೊಳ್ಳುವ ಸಾಮಾನು ಯಾವತ್ತೂ ದುಬಾರಿಯೇ.

3,410ಕ್ಕೆ 1,420 ಸೇರಿದರೆ 4,830. ಇದನ್ನು ಎಲ್ಲಿ ಹಾಕಬೇಕು ಎಂಬುದು ಮುಂದಿನ ಪ್ರಶ್ನೆ. ಇಲ್ಲಿ ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ, ಅಕ್ಕ ಹೇಳಿದಳು ಎಂದುಕೊಳ್ಳಿ.

ಮಕ್ಕಳ ಶಾಲೆ ಫೀಸು 48,000 ರೂಪಾಯಿಯನ್ನು ಕ್ರೆಡಿಟ್ ಕಾರ್ಡಿನಲ್ಲಿ ಉಜ್ಜಿದ್ದೀರಿ. ತಿಂಗಳಿಗೆ 3,000 ಕಟ್ಟುತ್ತಿದ್ದೀರಿ. ಇನ್ನೂ 31,000 ಬಾಕಿ. ಕಾರ್ಡಿನ ಬಾಕಿಗೆ ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ಶೇಕಡಾ 3ರಿಂದ 3.75. ವರ್ಷಕ್ಕೆ 36ರಿಂದ 45! 31,000ಕ್ಕೆ ತಿಂಗಳಿಗೆ ಹತ್ತಿರ ಹತ್ತಿರ ಸಾವಿರ ರೂಪಾಯಿ ಬಡ್ಡಿಗೇ ಹೋಗುತ್ತಿದೆ. ನೀವು ಕಟ್ಟುವ 3,000ದಲ್ಲಿ ಮೂರನೇ ಒಂದು ಪಾಲು ಸುಮ್ನೆ ಕರಗುತ್ತಿದೆ. ಬೇರೆ ಎಲ್ಲ ಉಳಿತಾಯವನ್ನೂ ಬದಿಗಿಟ್ಟು ಮೊದಲು ಇದನ್ನು ತೀರಿಸಿ. 3,000 ಜೊತೆ 4,830 ಸೇರಿಸಿ ಕಟ್ಟಿದರೆ ಐದು ತಿಂಗಳಲ್ಲಿ ಮುಗಿಯುತ್ತದೆ. ಅಲ್ಲಿವರೆಗೆ ಆ ಕಾರ್ಡನ್ನು ಪರ್ಸಿನಲ್ಲಿಡದೆ ಬೀರುವಿನಲ್ಲಿಡಿ. ಬಾಕಿ ಇರುವಾಗ ಹೊಸದಾಗಿ ಉಜ್ಜಿದ್ದಕ್ಕೆ ಮೊದಲ ದಿನದಿಂದಲೇ ಬಡ್ಡಿ ಶುರುವಾಗುತ್ತದೆ.

ಆಮೇಲೆ ಬ್ಯಾಂಕಿನಲ್ಲಿ ಒಂದು ಆರ್‌ಡಿ, ಅಂದರೆ ತಿಂಗಳು ತಿಂಗಳು ಇಷ್ಟು ಎಂದು ಕಟ್ಟುವ ಠೇವಣಿ, ತೆರೆಯಿರಿ. ಶಾಲೆ ಫೀಸು ಪ್ರತಿ ವರ್ಷ ಬರುತ್ತದೆ, ಅದೇನೂ ಹೇಳದೆ ಕೇಳದೆ ಬರುವ ನೆಂಟನಲ್ಲ. ತಿಂಗಳಿಗೆ 4,800ರಂತೆ ಹತ್ತು ತಿಂಗಳು ಕಟ್ಟಿದರೆ 48,000, ಮೇಲೆ ಬಡ್ಡಿ ನಿಮಗೆ ಬರುತ್ತದೆ. ಈ ವರ್ಷ ಹತ್ತು ತಿಂಗಳು ಸಿಗದಿದ್ದರೂ ಸಿಕ್ಕಷ್ಟು ತಿಂಗಳಿಗೆ, ಬ್ಯಾಂಕು ಒಪ್ಪುವ ಅವಧಿ ಕೇಳಿಕೊಂಡು, ತೆರೆಯಿರಿ. ಪೋಸ್ಟಾಫೀಸಿನ ಆರ್‌ಡಿ ಒಳ್ಳೆಯದೇ, ಆದರೆ ಅದು 5 ವರ್ಷದ್ದು, ಫೀಸಿಗೆ ಹೊಂದುವುದಿಲ್ಲ. ಸಂಬಳ ಬಂದ ಮರುದಿನವೇ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಬರೆದುಕೊಡಿ. ನಿಮ್ಮ ಗೆಳತಿ ಸೇರಲು ಕರೆಯುತ್ತಿರುವ ಚೀಟಿ ವ್ಯವಹಾರದ ವಿಷಯ ಕೇಳಿದ್ದೀರಿ. ನೋಂದಣಿ ಇಲ್ಲದ ಚೀಟಿಗೆ ಮಕ್ಕಳ ಫೀಸಿನ ದುಡ್ಡು ಹಾಕಬೇಡಿ, ಎಷ್ಟೇ ಪರಿಚಯದವರಾದರೂ ಸರಿ.

ಕರೆಂಟ್ ಬಿಲ್ಲಿನ ಪ್ರಶ್ನೆಗೆ ಉತ್ತರ ಚಿಕ್ಕದು, ಆದರೆ ಗಮನವಿಟ್ಟು ಓದಿ. ಫೆಬ್ರವರಿವರೆಗೆ ಸೊನ್ನೆ ಬರುತ್ತಿದ್ದ ಬಿಲ್ಲು ಏಪ್ರಿಲ್‌ನಲ್ಲಿ ಏಕಾಏಕಿ ಸಾವಿರ ದಾಟಿ ಬಂತು, ಮೀಟರ್ ಕೆಟ್ಟಿದೆಯಾ ಎಂದು ಕೇಳಿದ್ದೀರಿ. ಬಿಲ್ಲಿನಲ್ಲಿ 214 ಯೂನಿಟ್ ಇದೆ. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಇಷ್ಟು ಯೂನಿಟ್ ಉಚಿತ ಎಂದು ಒಂದು ಲೆಕ್ಕ ಇರುತ್ತದೆ, ನಿಮ್ಮದು 168. ಅದನ್ನು ದಾಟಿ 200ರೊಳಗೆ ಇದ್ದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. 14 ಯೂನಿಟ್ ನಿಮ್ಮನ್ನು ಆ ಗೆರೆಯಾಚೆ ದಾಟಿಸಿದೆ. 2 ಕಿಲೋವ್ಯಾಟ್‌ನ ಗೀಸರ್ ಕಾಯುವಾಗ ಅರ್ಧ ಗಂಟೆಗೆ ಒಂದು ಯೂನಿಟ್ ತಿನ್ನುತ್ತದೆ. ದಿನಕ್ಕೆ ಕಾಲು ಗಂಟೆ ಕಡಿಮೆ ಉರಿದರೂ ತಿಂಗಳಿಗೆ 15 ಯೂನಿಟ್ ಉಳಿಯಿತು. ಬೇಸಿಗೆಯಲ್ಲಿ ಹಳೇ ಫ್ಯಾನೂ ಹಾಗೆಯೇ. ಹಳೆಯದು 75 ವ್ಯಾಟ್, ಈಗಿನ ಕಡಿಮೆ ಕರೆಂಟಿನ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸು. ಕೆಟ್ಟಾಗ ಬದಲಿಸುವಾಗ ನೆನಪಿರಲಿ, ಸುಮ್ಮನೆ ಈಗಲೇ ಕಿತ್ತುಹಾಕಬೇಡಿ. ಬಿಲ್ಲು ಬಂದ ಇಪ್ಪತ್ತನೇ ದಿನಕ್ಕೆ ಮೀಟರ್ ನೋಡುವ ಕೆಲಸ ಮಗನಿಗೆ ಕೊಡಿ. ಬಿಲ್ಲಿನಲ್ಲಿರುವ ರೀಡಿಂಗನ್ನು ಅದರಿಂದ ಕಳೆದರೆ 200ಕ್ಕೆ ಇನ್ನೆಷ್ಟು ಉಳಿದಿದೆ ಎಂದು ತಿಳಿಯುತ್ತದೆ. ಏಳನೇ ಕ್ಲಾಸಿನ ಹುಡುಗನಿಗೆ ಕಳೆಯುವ ಲೆಕ್ಕ ಬರುತ್ತದೆ.

ಅತ್ತೆಯವರ ಬಿಪಿ, ಸಕ್ಕರೆ ಮಾತ್ರೆಗೆ 2,300 ಬರೆದಿದ್ದೀರಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಮಾತ್ರೆಯ ಜೆನೆರಿಕ್ ಹೆಸರು, ಅಂದರೆ ಕಂಪನಿಯದ್ದಲ್ಲದ ಔಷಧದ ಮೂಲ ಹೆಸರು, ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಕಂಪನಿ ಹೆಸರಿನ ಮಾತ್ರೆಯ ಅರ್ಧ ಬೆಲೆಗೂ ಕಡಿಮೆಗೆ ಸಿಗುವುದು ಮಾಮೂಲು. ಡಾಕ್ಟರನ್ನು ಕೇಳದೆ ನೀವೇ ಬದಲಿಸುವುದು ಮಾತ್ರ ಬೇಡ.

ಕೊನೆಯದಾಗಿ ಹೇಳಬೇಕೆಂದು ಇಟ್ಟುಕೊಂಡ ಮಾತು ಇದು. ನನ್ನಮ್ಮನ ಹತ್ತಿರ ಹಿತ್ತಾಳೆಯ ಸಾಸಿವೆ ಡಬ್ಬಿ ಇತ್ತು. ಹಬ್ಬಕ್ಕೆ, ಪರೀಕ್ಷೆ ಫೀಸಿಗೆ, ನೆಂಟರು ಬಂದಾಗ ಅದರಿಂದ ಸಾಸಿವೆ ವಾಸನೆಯ ನೋಟು ಹೊರಗೆ ಬರುತ್ತಿತ್ತು. ನಮಗೆಲ್ಲ ಅದೊಂದು ಅಕ್ಷಯ ಪಾತ್ರೆ. ಅದೇ ದಿನಗಳಲ್ಲಿ ಅಮ್ಮ ಸೂಜಿ ದಾರ ಹಿಡಿದು ನಮ್ಮನ್ನು ಕರೆಯುತ್ತಿದ್ದರು. ಯಾರು ಬೇಗ ಪೋಣಿಸುತ್ತೀರೋ ನೋಡೋಣ ಎನ್ನುತ್ತಿದ್ದರು. ನಾವು ಪೈಪೋಟಿಗೆ ಬಿದ್ದು ಪೋಣಿಸುತ್ತಿದ್ದೆವು. ಅವರಿಗೆ ದಾರ ಕಾಣುತ್ತಿರಲಿಲ್ಲ ಎಂದು ತಿಳಿದಾಗ ನಾನು ಕಾಲೇಜಿನಲ್ಲಿದ್ದೆ. ಕನ್ನಡಕದ ದುಡ್ಡು ವರ್ಷಾನುಗಟ್ಟಲೆ ಆ ಡಬ್ಬಿಗೆ ಹೋಗಿತ್ತು.

ನಿಮ್ಮ ಹಾಳೆಗಳಲ್ಲಿ ಮಕ್ಕಳ ಶೂ ಇದೆ, ಗಂಡನ ಬೈಕಿನ ಸರ್ವಿಸ್ ಇದೆ, ಅತ್ತೆಯ ಮಾತ್ರೆ ಇದೆ. ನಿಮ್ಮ ಹೆಸರಿನ ಮುಂದೆ ಒಂದು ಸಾಲೂ ಇಲ್ಲ. ಪತ್ರದ ಕೊನೆಯಲ್ಲಿ, ಮರೆತು ಬರೆದ ಹಾಗೆ, ‘ಮೂರು ತಿಂಗಳಿಂದ ದವಡೆ ಹಲ್ಲು ನೋಯುತ್ತಿದೆ, ಖರ್ಚು ಅಂತ ಮುಂದೆ ಹಾಕಿದ್ದೇನೆ, ಎಡಗಡೆಯೇ ಅಗಿಯುತ್ತೇನೆ’ ಎಂದಿದ್ದೀರಿ. ಸೋದರಿ, ಇದು ಉಳಿತಾಯವಲ್ಲ. ಇವತ್ತು ಹುಳುಕು ತೆಗೆದು ಸಿಮೆಂಟ್ ತುಂಬಿದರೆ ಮುಗಿಯಬಹುದಾದ ಹಲ್ಲು ನಾಳೆ ರೂಟ್ ಕೆನಾಲ್ ಕೇಳುತ್ತದೆ, ಮೇಲೊಂದು ಕ್ಯಾಪ್ ಕೇಳುತ್ತದೆ. ಕಾರ್ಡಿನ ಬಾಕಿಗಿಂತಲೂ ಮೊದಲು ಇದು. ಮೊದಲ ತಿಂಗಳ 4,830ನ್ನು ಹಲ್ಲಿಗೇ ಇಟ್ಟುಕೊಳ್ಳಿ. ಕಾರ್ಡು ಐದರ ಬದಲು ಆರು ತಿಂಗಳಿಗೆ ತೀರಲಿ. ತುಮಕೂರಿನಲ್ಲಿ ದಂತ ವೈದ್ಯಕೀಯ ಕಾಲೇಜು ಇದೆ, ಇಂಥ ಕಾಲೇಜು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ.

ಮಂಗಳವಾರ, ಶುಕ್ರವಾರ ಬಿಟ್ಟು ಬೇರೆ ಯಾವ ದಿನಕ್ಕಾದರೂ ಸರಿ, ನಾಳೆಯೇ ಫೋನ್ ಮಾಡಿ ಸಮಯ ಕೇಳಿ. ಹೋಗಿ ಬಂದ ಮೇಲೆ ನನಗೊಂದು ಪತ್ರ ಬರೆಯಿರಿ. ಮುಂದಿನ ತಿಂಗಳ ಹಾಳೆಯನ್ನೂ ಜೊತೆಗಿಡಿ. ಅದರಲ್ಲಿ ‘ನನ್ನ ಹಲ್ಲು’ ಎಂಬ ಸಾಲನ್ನು ನಾನು ಮೊದಲು ಹುಡುಕುತ್ತೇನೆ.

ಪ್ರೀತಿಯಿಂದ,
ಸಂಪಾದಕಿ