8 ಜಿಬಿ ರ‍್ಯಾಮ್ ಇರುವ ಹೊಸ ಗೇಮಿಂಗ್ ಪಿಸಿಗೆ ಈಗಲೇ ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕೇ?

ಅಂಗಡಿಯವರೇ ಜೋಡಿಸಿ ಕೊಟ್ಟ ಪಿಸಿ, ರೈಜೆನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060 12 ಜಿಬಿ ಗ್ರಾಫಿಕ್ಸ್ ಕಾರ್ಡ್, 8 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್. ಆಟ ನಡುನಡುವೆ ಗಕ್ಕನೆ ನಿಲ್ಲುತ್ತಿದೆ, ಆರ್‌ಟಿಎಕ್ಸ್ 5070 ಕಾರ್ಡ್ ಹಾಕಿಸಲೇ ಎಂದು ಕೇಳಿದ್ದೀರಿ.

ಬೇಡ. ಈಗಿರುವ ಕಾರ್ಡಿನ ಪೂರ್ತಿ ಶಕ್ತಿಯನ್ನು ನೀವಿನ್ನೂ ನೋಡಿಯೇ ಇಲ್ಲ. ಆಟ ಪೂರ್ತಿ ನಿಧಾನವಾಗದೆ ಆಗಾಗ ಮಾತ್ರ ತಡೆಯುತ್ತಿದ್ದರೆ ನಾನು ಮೊದಲು ಅನುಮಾನಪಡುವುದು ರ‍್ಯಾಮನ್ನು. ವಿಂಡೋಸ್ 11, ಬ್ರೌಸರ್, ಡಿಸ್ಕಾರ್ಡ್ ಸೇರಿಯೇ 8 ಜಿಬಿಯಲ್ಲಿ ಅರ್ಧದಷ್ಟು ಹೋಗಿಬಿಡಬಹುದು. ಉಳಿದದ್ದು ಆಟಕ್ಕೆ ಸಾಲದಿದ್ದಾಗ ವಿಂಡೋಸ್ ಒಂದಿಷ್ಟನ್ನು ಎಸ್‌ಎಸ್‌ಡಿಯಲ್ಲಿರುವ ಪೇಜ್ ಫೈಲ್ ಎಂಬ ತಾತ್ಕಾಲಿಕ ಜಾಗಕ್ಕೆ ಸಾಗಿಸುತ್ತದೆ. ಎಸ್‌ಎಸ್‌ಡಿ ಎಷ್ಟೇ ಚುರುಕಾಗಿದ್ದರೂ ರ‍್ಯಾಮ್‌ಗೆ ಸಮನಲ್ಲ. ಚಿತ್ರ ನಿಲ್ಲುವುದು ಆ ಹೊತ್ತಿನಲ್ಲೇ.

ಒಂದೇ ಸ್ಟಿಕ್ ಇರುವುದು ಇನ್ನೊಂದು ತೊಂದರೆ. ಡಿಡಿಆರ್4 3200 ರ‍್ಯಾಮ್ ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ, ಎರಡು ಚಾನೆಲ್ ಆದರೆ 51.2. ಪ್ರೊಸೆಸರ್‌ಗೆ ಎರಡು ಬಾಗಿಲಿದ್ದೂ ನಿಮ್ಮ ಯಂತ್ರದಲ್ಲಿ ಒಂದಕ್ಕೆ ಬೀಗ ಬಿದ್ದಿದೆ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ. ರ‍್ಯಾಮ್ ಓಡುತ್ತಿರುವ ವೇಗವೂ ಎಷ್ಟು ಸ್ಲಾಟ್ ತುಂಬಿವೆ ಎಂಬುದೂ ಅಲ್ಲೇ ಕಾಣುತ್ತದೆ. ವೇಗ 2133 ಅಥವಾ 2400 ಎಂದಿದ್ದರೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ಸ್) ಎಕ್ಸ್‌ಎಂಪಿಯನ್ನು, ಅಂದರೆ ಸ್ಟಿಕ್ಕನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆಯನ್ನು, ಬಹುಶಃ ಆನ್ ಮಾಡಿಲ್ಲ ಎಂದರ್ಥ. ಪಿಸಿ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತುತ್ತಾ ಹೋದರೆ ಬಯಾಸ್ ತೆರೆಯುತ್ತದೆ (ಕೆಲವು ಬೋರ್ಡ್‌ಗಳಲ್ಲಿ ಎಕ್ಸ್‌ಎಂಪಿ ಬದಲು ಡಿಒಸಿಪಿ ಎಂದಿರುತ್ತದೆ, ಎರಡೂ ಒಂದೇ). ಆನ್ ಮಾಡಿ ಸೇವ್ ಮಾಡಿದ ಮೇಲೆ ಮೊದಲ ಸಲ ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇರಬಹುದು. ಗಾಬರಿಯಾಗಿ ಸ್ವಿಚ್ ಆರಿಸಬೇಡಿ.

2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಆದರೂ ಮೊದಲ ದುಡ್ಡು ಅಲ್ಲಿಗೇ ಹೋಗಬೇಕು. ಈಗಿರುವುದರಂಥದ್ದೇ ಇನ್ನೊಂದು 8 ಜಿಬಿ ಸ್ಟಿಕ್ ಸಿಕ್ಕಿದರೆ ಸದ್ಯಕ್ಕೆ ಸಾಕು. ನಾಲ್ಕು ಸ್ಲಾಟ್‌ಗಳ ಬೋರ್ಡ್ ಆದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು. ಕ್ಯಾಬಿನೆಟ್ ಬಿಚ್ಚುವ ಮೊದಲು ಅಂಗಡಿಯವರನ್ನು ಒಂದು ಮಾತು ಕೇಳಿ, ಕೆಲವರು ಸ್ಟಿಕ್ಕರ್ ಹರಿದರೆ ವಾರಂಟಿ ಕೊಡುವುದಿಲ್ಲ.

ಮಾನಿಟರ್ ವಿಷಯವೂ ಇದೆ. 144 ಹರ್ಟ್ಸ್‌ನದ್ದು ತಂದರೂ ವಿಂಡೋಸ್ ಎಷ್ಟೋ ಸಲ ಅದನ್ನು 60ರಲ್ಲೇ ಓಡಿಸುತ್ತಿರುತ್ತದೆ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ: ಅಲ್ಲಿ ಬದಲಿಸಿ. 144 ಅಲ್ಲಿ ಕಾಣದಿದ್ದರೆ ಎಚ್‌ಡಿಎಂಐ ಬಿಟ್ಟು ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ ನೋಡಿ. ಕೇಬಲ್ ಮದರ್‌ಬೋರ್ಡ್‌ಗೆ ಚುಚ್ಚಿರಬಹುದೇ ಎಂಬ ಅನುಮಾನ ಬೇಡ. 5600ರಲ್ಲಿ ಒಳಗೇ ಗ್ರಾಫಿಕ್ಸ್ ಇಲ್ಲ, ಹಾಗೆ ಚುಚ್ಚಿದ್ದರೆ ಚಿತ್ರವೇ ಬರುತ್ತಿರಲಿಲ್ಲ.

ಇಷ್ಟೆಲ್ಲ ಆದ ಮೇಲೂ 5070 ಬೇಕೆನಿಸಿದರೆ ದಯವಿಟ್ಟು ಮೊದಲು ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ವಿದ್ಯುತ್ ಕೊಡುವ ಡಬ್ಬ) ನೋಡಿ. ಸಿದ್ಧ ಪಿಸಿಗಳಲ್ಲಿ ಬೆಲೆ ಇಳಿಸಲು ಸುಲಭವಾಗಿ ಕತ್ತರಿ ಬೀಳುವುದು ಅದಕ್ಕೇ, ಏಕೆಂದರೆ ಕೊಳ್ಳುವವರು ಅದರ ಬಗ್ಗೆ ಕೇಳುವುದೇ ಕಡಿಮೆ. 3060 ಎಳೆಯುವುದು 170 ವ್ಯಾಟ್, ಎನ್‌ವಿಡಿಯಾ ಅದಕ್ಕೆ ಹೇಳುವುದು 550 ವ್ಯಾಟ್‌ನ ಎಸ್‌ಎಂಪಿಎಸ್. 5070ಗೆ 250, ಎಸ್‌ಎಂಪಿಎಸ್ 650. ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ ಅಂಕಿಯನ್ನು ನಂಬಬೇಡಿ. ಬದಿಯ ಲೇಬಲ್ಲಿನಲ್ಲಿ 12 ವೋಲ್ಟ್ ಎಂದಿರುವ ಕಡೆ ಎಷ್ಟು ಆಂಪಿಯರ್ ಇದೆಯೋ ಅದನ್ನು 12ರಿಂದ ಗುಣಿಸಿ. 25 ಆಂಪಿಯರ್ ಇದ್ದರೆ 300 ವ್ಯಾಟ್. ಮೇಲೆ 450 ಎಂದು ಬರೆದಿದ್ದರೂ ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಹಂಚಿಕೊಳ್ಳಬೇಕಾದದ್ದು ಮುಖ್ಯವಾಗಿ ಅಷ್ಟನ್ನೇ. ಎಸ್‌ಎಂಪಿಎಸ್ ಬದಲಿಸಿದರೆ ಹಳೆಯದರ ಕೇಬಲ್‌ಗಳನ್ನು ಹೊಸದಕ್ಕೆ ಚುಚ್ಚಲೇಬೇಡಿ. ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಪಿನ್‌ಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ, ಡ್ರೈವ್‌ಗಳು ಸುಟ್ಟುಹೋಗಬಹುದು.

ನೀವು ಕೇಳದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ: ಅರ್ಥಿಂಗ್. ಹಳೆಯ ಮನೆಗಳಲ್ಲಿ ಸಾಕೆಟ್ಟಿನ ಮೂರನೇ ತೂತಿಗೆ ಎಷ್ಟೋ ಕಡೆ ವೈರೇ ಇರುವುದಿಲ್ಲ. ಕ್ಯಾಬಿನೆಟ್ಟಿನ ಲೋಹ ಮುಟ್ಟಿದಾಗ ಜುಮ್ಮೆಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಸ್‌ಎಂಪಿಎಸ್‌ನ ಫಿಲ್ಟರ್‌ನಿಂದ ಸೋರುವ ಅಲ್ಪ ಕರೆಂಟು ನೆಲಕ್ಕೆ ಹೋಗಲು ದಾರಿಯಿಲ್ಲದೆ ಲೋಹದಲ್ಲೇ ನಿಂತಿರುತ್ತದೆ. ಒಳಗೆ ನಿಜವಾದ ದೋಷ ಬಂದ ದಿನ ನಿಮ್ಮನ್ನು ಕಾಯುವುದೂ ಆ ಅರ್ಥ್ ವೈರೇ. ಎಲೆಕ್ಟ್ರಿಷಿಯನ್ ಕರೆಸಿ ಸರಿಮಾಡಿಸಿ, ಗ್ರಾಫಿಕ್ಸ್ ಕಾರ್ಡ್ ಅದಾದ ಮೇಲೆ.

ಮುಂದೆ ಪ್ರೊಸೆಸರ್ ಬದಲಿಸುವ ಮನಸ್ಸಾದರೆ ಮದರ್‌ಬೋರ್ಡಿನಲ್ಲಿ ಈಗಿನ ಪ್ರೊಸೆಸರ್ ಕೂತಿರುವ ಅದೇ ಎಎಂ4 ಸಾಕೆಟ್ಟಿಗೆ ರೈಜೆನ್ 7 5700ಎಕ್ಸ್3ಡಿ ಕೂರುತ್ತದೆ. 5600ರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗೇ ಇರುವ ಚುರುಕಿನ ಮೆಮೊರಿ) 32 ಎಂಬಿ, ಅದರಲ್ಲಿ 96. ಎಷ್ಟೋ ಆಟಗಳಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಬಯಾಸ್ ಅಪ್‌ಡೇಟ್ ಮಾಡಿಯೇ ಹಾಕಿ.

ಎಸ್‌ಎಂಪಿಎಸ್ ಲೇಬಲ್ಲಿನ ಫೋಟೊ, ಮದರ್‌ಬೋರ್ಡಿನ ಮಾಡೆಲ್ ಇಲ್ಲಿ ಹಾಕಿ. 5070ಗೆ ಜಾಗ, ಕನೆಕ್ಟರ್, ವ್ಯಾಟ್ ಸಾಲುತ್ತವೆಯೇ ಎಂದು ನೋಡಿ ಹೇಳುತ್ತೇನೆ.