ಓದುಗರ ಪ್ರಶ್ನೆ: ದಂಡ ಕಟ್ಟಿದ ಮಾತ್ರಕ್ಕೆ ಮುಗಿಯಿತೇ?

ಈ ಸಲದ ಪ್ರಶ್ನೆಗಳೆಲ್ಲ ಗಾಡಿ ಓಡಿಸುವಾಗಿನ ಮೊಬೈಲ್ ಕುರಿತಾದವು. ಕಾನೂನಿನ ಮಾತಿಗೆ ವಕೀಲರು, ರಸ್ತೆಯ ಮಾತಿಗೆ ಚಾಲನಾ ತರಬೇತುದಾರರು ಉತ್ತರಿಸಿದ್ದಾರೆ.

ಸ್ಕೂಟರ್‌ನಲ್ಲಿ ಹೋಗುವಾಗ ಫೋನ್ ಕಿವಿಗೆ ಹಿಡಿದಿದ್ದೆ. ಪೊಲೀಸರು ನಿಲ್ಲಿಸಿದರು, 1,500 ರೂಪಾಯಿ ಕಟ್ಟಿ ರಸೀದಿ ತಗೊಂಡೆ. ಈಗ ಗೆಳೆಯನೊಬ್ಬ ‘ಆರ್‌ಟಿಒದಿಂದ ನೋಟಿಸ್ ಬರುತ್ತೆ, ಡಿಎಲ್ಲೂ ಹೋಗುತ್ತೆ’ ಅಂತಿದ್ದಾನೆ. ಒಂದೇ ತಪ್ಪಿಗೆ ಎರಡು ಶಿಕ್ಷೆ ಉಂಟೇ?
— ಕೆ.ಎಸ್., ಹಾಸನ

ಗೆಳೆಯ ಹೆದರಿಸುತ್ತಿಲ್ಲ, ಇದ್ದದ್ದನ್ನೇ ಹೇಳಿದ್ದಾರೆ. 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ತಿದ್ದುಪಡಿಯ ನಂತರ, ಕೈಯಲ್ಲಿ ಫೋನ್ ಹಿಡಿದು ಗಾಡಿ ಓಡಿಸುವುದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ‘ಅಪಾಯಕಾರಿ ಚಾಲನೆ’. ಕೆಂಪು ದೀಪ ಹಾರಿಸುವುದು, ಒನ್‌ವೇಯಲ್ಲಿ ಎದುರಿಂದ ನುಗ್ಗುವುದು ಯಾವ ಪಟ್ಟಿಯಲ್ಲಿವೆಯೋ ಅದೇ ಪಟ್ಟಿಯಲ್ಲಿ ಇದೂ ಇದೆ. ಮೊದಲ ಸಲಕ್ಕೆ 6 ತಿಂಗಳಿಂದ 1 ವರ್ಷದವರೆಗೆ ಸಜೆ, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಸಜೆ 2 ವರ್ಷಕ್ಕೆ, ದಂಡ 10,000ಕ್ಕೆ ಏರುತ್ತದೆ.

ಹಾಗಾದರೆ ನಿಮ್ಮನ್ನು ಬರೀ 1,500ಕ್ಕೆ ಬಿಟ್ಟದ್ದೇಕೆ? ಕಾಯ್ದೆಯ 200ನೇ ಸೆಕ್ಷನ್ ಕೆಲವು ತಪ್ಪುಗಳನ್ನು ಕೋರ್ಟಿಗೆ ಹೋಗದೆ ಹಣ ಕಟ್ಟಿಸಿಕೊಂಡು ರಾಜಿ ಮಾಡಲು ಬಿಡುತ್ತದೆ. 184ರಲ್ಲಿ ಹೆಸರಿಸಿದ ಅಪಾಯಕಾರಿ ಚಾಲನೆಗಳ ಪೈಕಿ ಈ ಸೌಲಭ್ಯ ಇರುವುದು ಫೋನ್ ಬಳಕೆಗೆ ಮಾತ್ರ. ಕರ್ನಾಟಕ ಸರ್ಕಾರ ಅದಕ್ಕೆ ದ್ವಿಚಕ್ರ ವಾಹನಕ್ಕೆ 1,500, ಕಾರಿಗೆ 3,000 ಎಂದು ದರ ಗೊತ್ತು ಮಾಡಿತು.

ಜನ ಓದದೆ ಬಿಡುವ ಸಾಲು ಅದೇ 200ನೇ ಸೆಕ್ಷನ್ನಿನ ಕೊನೆಯಲ್ಲಿದೆ. ರಾಜಿಯಾದರೂ ಆ ತಪ್ಪು ‘ಹಿಂದೆ ಮಾಡಿದ ತಪ್ಪು’ ಎಂದೇ ಲೆಕ್ಕಕ್ಕೆ ಬರುತ್ತದೆ. ಲೈಸೆನ್ಸ್ ಮೇಲಿನ ಕ್ರಮದಿಂದಲೂ ಬಿಡುಗಡೆ ಇಲ್ಲ. 206ನೇ ಸೆಕ್ಷನ್ ಪ್ರಕಾರ ಪೊಲೀಸರು ಡಿಎಲ್ ವಶಪಡಿಸಿಕೊಂಡು ಆರ್‌ಟಿಒಗೆ ಕಳಿಸಬಹುದು. ಆಮೇಲಿನದು 19ನೇ ಸೆಕ್ಷನ್. ಮೊದಲ ಸಲಕ್ಕೆ 3 ತಿಂಗಳ ಅನರ್ಹತೆ, ಎರಡನೇ ಸಲಕ್ಕೆ ಲೈಸೆನ್ಸೇ ರದ್ದು. ಮೂರು ತಿಂಗಳು ಕಳೆದ ಮೇಲೂ ಮರುತರಬೇತಿ ಮುಗಿಸದೆ ಡಿಎಲ್ ವಾಪಸ್ ಬರುವುದಿಲ್ಲ. ದಂಡ ಕಟ್ಟಿದ ಎಲ್ಲರಿಗೂ ಇದು ಆಗುತ್ತಿಲ್ಲ ನಿಜ. ಆದರೆ ಆದಾಗ ‘ಆಗಲೇ ದಂಡ ಕಟ್ಟಿದ್ದೇನೆ’ ಎಂಬ ವಾದ ನಡೆಯುವುದಿಲ್ಲ.

ನೋಟಿಸ್ ಬಂದರೆ ಸುಮ್ಮನಿರಬೇಡಿ. ನಿಮ್ಮ ಮಾತು ಕೇಳದೆ ಆದೇಶ ಮಾಡುವಂತಿಲ್ಲ, ಹಾಗಾಗಿ ಹೇಳಿದ ದಿನ ಹೋಗಿ ಲಿಖಿತ ಉತ್ತರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆದೇಶದ ಪ್ರತಿ ಕೈಸೇರಿದ 30 ದಿನದೊಳಗೆ ಮೇಲ್ಮನವಿಗೂ ಅವಕಾಶವಿದೆ. ಆ ಮೂರು ತಿಂಗಳಲ್ಲಿ ‘ಇಲ್ಲೇ ಪಕ್ಕದ ಬೀದಿಗೆ’ ಎಂದು ಗಾಡಿ ತೆಗೆದರೆ 182ನೇ ಸೆಕ್ಷನ್ ಬೀಳುತ್ತದೆ: 3 ತಿಂಗಳವರೆಗೆ ಸಜೆ ಅಥವಾ 10,000 ದಂಡ. ಅಷ್ಟರಲ್ಲಿ ಅಪಘಾತವೂ ಆಯಿತೆನ್ನಿ, ವಿಮಾ ಕಂಪನಿ ಗಾಯಾಳುವಿಗೆ ಕೊಟ್ಟ ಹಣವನ್ನು ನಿಮ್ಮಿಂದಲೇ ವಸೂಲು ಮಾಡಲು ಹೊರಡುತ್ತದೆ. 1,500 ರೂಪಾಯಿಯ ಕಥೆ ಲಕ್ಷಕ್ಕೆ ಹೋಗುವುದು ಈ ದಾರಿಯಲ್ಲಿ.

ಮೊಬೈಲನ್ನು ಹೆಲ್ಮೆಟ್ ಒಳಗೆ ಸಿಕ್ಕಿಸಿಕೊಂಡು ಮಾತಾಡ್ತೀನಿ. ಎರಡೂ ಕೈ ಹ್ಯಾಂಡಲ್ ಮೇಲೇ ಇರ್ತಾವ. ಇದೂ ತಪ್ಪೇನ್ರಿ?
— ಬಿ.ಎಂ., ಹುಬ್ಬಳ್ಳಿ

ಕಾಯ್ದೆಯಲ್ಲಿರುವುದು ‘ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನ’ ಎಂಬ ಮಾತು. ಅದು ಸಾಧನ ಎಂಥದ್ದು ಎಂದು ಹೇಳುತ್ತದೆ. ಆ ಹೊತ್ತಿಗೆ ಕೈಯಲ್ಲೇ ಇರಬೇಕು ಎಂದು ಪೊಲೀಸರು ಓದುವುದಿಲ್ಲ. ಕೇಸು ಹಾಕುತ್ತಾರೆ, ಕೋರ್ಟಿನಲ್ಲಿ ನಿಮ್ಮ ವಾದ ನಿಲ್ಲುವ ಭರವಸೆ ಕಡಿಮೆ.

ಅದಕ್ಕಿಂತ ದೊಡ್ಡ ತೊಂದರೆ ಹೆಲ್ಮೆಟ್ಟಿನದು. ಒಳಗಿನ ಥರ್ಮಾಕೋಲ್ ಪದರ ಪೆಟ್ಟು ಬಿದ್ದಾಗ ತಾನು ಜಜ್ಜಿಹೋಗಿ ತಲೆಗೆ ಬರುವ ರಭಸವನ್ನು ನುಂಗುತ್ತದೆ. ಫೋನ್ ಜಜ್ಜುವುದಿಲ್ಲ. ಗಾಜು ಮತ್ತು ಲೋಹದ ಗಟ್ಟಿ ಹಲಗೆ ದವಡೆ ಮತ್ತು ಕಿವಿಯ ಮೇಲಿನ ಮೂಳೆಗೆ ಒತ್ತಿಕೊಂಡಿರುತ್ತದೆ, ಬಿದ್ದರೆ ಪೆಟ್ಟು ಅಲ್ಲೇ ನಾಟುತ್ತದೆ. ಫೋನಿಗೆ ಜಾಗ ಮಾಡಲು ಪಟ್ಟಿ ಸಡಿಲಿಸುತ್ತೀರಿ, ಹೆಲ್ಮೆಟ್ ಒಂದು ಬದಿಗೆ ವಾಲುತ್ತದೆ. ಗದ್ದದ ಕೆಳಗೆ ಒಂದು ಬೆರಳಿಗಿಂತ ಹೆಚ್ಚು ಸಡಿಲವಿದ್ದರೆ ಬಿದ್ದಾಗ ಹೆಲ್ಮೆಟ್ ತಲೆಯಿಂದ ಕಳಚಬಹುದು. ಪಟ್ಟಿ ಬಿಗಿಯದ ಹೆಲ್ಮೆಟ್ 129ನೇ ಸೆಕ್ಷನ್ನಿನ ಲೆಕ್ಕದಲ್ಲಿ ಹಾಕದ ಹೆಲ್ಮೆಟ್ಟೇ, ಅದಕ್ಕೆ ಬೇರೆ ದಂಡ. ಇನ್ನು ಸ್ಪೀಡ್ ಬ್ರೇಕರ್ ಮೇಲೆ ಫೋನ್ ಜಾರಿತು ಅಂದರೆ ಕೈ ತಾನಾಗಿ ಮೇಲೆ ಹೋಗುತ್ತದೆ. ಮುಂದಿನ ಬ್ರೇಕ್ ಹಿಡಿಯಬೇಕಾದ ಬಲಗೈಯೇ ಹಾಗೆ ಹೋಗುವುದು ಹೆಚ್ಚು.

ಮನೆಗೆ ಚಲನ್ ಬಂದಿದೆ. ಫೋಟೋದಲ್ಲಿ ಕಾರು ನಮ್ಮದೇ, ಸಿಗ್ನಲ್‌ನಲ್ಲಿ ನಿಂತಿದೆ. ಕೈಯಲ್ಲಿದ್ದದ್ದು ಪರ್ಸು, ಫೋನ್ ಅಲ್ಲ. ಫೋನ್ ಆಗಿದ್ದರೂ ನಿಂತ ಗಾಡಿಗೆ ದಂಡ ಹಾಕಬಹುದೇ?
— ಆರ್.ವಿ., ಬೆಂಗಳೂರು

ಎರಡನೆಯದಕ್ಕೆ ಮೊದಲು ಉತ್ತರ: ಹಾಕುತ್ತಾರೆ. ಸಿಗ್ನಲ್‌ನಲ್ಲಿ ನಿಂತ ಗಾಡಿ ಸಂಚಾರದ ನಡುವೆಯೇ ಇರುವ ಗಾಡಿ, ಪಾರ್ಕ್ ಮಾಡಿದ್ದಲ್ಲ. ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಇರುವುದೂ ಜಂಕ್ಷನ್ನುಗಳಲ್ಲೇ.

ಪರ್ಸಿನ ವಿಷಯ ಬೇರೆ. ಸಂಚಾರ ಪೊಲೀಸರ ಜಾಲತಾಣ ಅಥವಾ ಪರಿವಾಹನ್ ಇ-ಚಲನ್ ತಾಣದಲ್ಲಿ ಗಾಡಿ ಸಂಖ್ಯೆ ಹಾಕಿ ಮೂಲ ಫೋಟೋ ತೆರೆಯಿರಿ. ತಾರೀಕು, ಸಮಯ, ಜಂಕ್ಷನ್ ಹೆಸರು ಕಾಣುವಂತೆ ಉಳಿಸಿಕೊಳ್ಳಿ. ಅಲ್ಲೇ ದೂರು ಸಲ್ಲಿಸಿ, ಇಲ್ಲವೇ ಮುದ್ರಿತ ಪ್ರತಿ ಹಿಡಿದು ಇನ್‌ಫೆಂಟ್ರಿ ರಸ್ತೆಯ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಸೆಂಟರಿಗೆ ಹೋಗಿ. ಇತ್ಯರ್ಥವಾಗುವ ತನಕ ಹಣ ಕಟ್ಟಬೇಡಿ. ಕಟ್ಟಿದರೆ ಒಪ್ಪಿಕೊಂಡ ಹಾಗೆ. ಅವರು ಒಪ್ಪದಿದ್ದರೆ ಕೋರ್ಟಿನಲ್ಲಿ ಎದುರಿಸಬಹುದು. ಓಡಿಸಿದವರು ಬೇರೆಯವರಾದರೆ ಅವರ ಹೆಸರು, ಲೈಸೆನ್ಸ್ ವಿವರ ಕೊಡುವುದು 133ನೇ ಸೆಕ್ಷನ್ ಪ್ರಕಾರ ಮಾಲೀಕರ ಹೊಣೆ.

2023ರಲ್ಲೂ 2025ರಲ್ಲೂ ಸರ್ಕಾರ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟದ್ದರಿಂದ ‘ಕಾದರೆ ಅರ್ಧಕ್ಕೆ ಮುಗಿಯುತ್ತೆ’ ಎಂದು ಕೂರುವವರಿದ್ದಾರೆ. ರಿಯಾಯಿತಿ ಹಣಕ್ಕೆ ಮಾತ್ರ, ದಾಖಲೆಗಲ್ಲ. ಇನ್ನೊಂದು: ವಾಟ್ಸ್‌ಆ್ಯಪ್‌ಗೆ ಚಲನ್ ಹೆಸರಿನಲ್ಲಿ ‘ಎಪಿಕೆ’ (ಫೋನಿಗೆ ಆ್ಯಪ್ ಅಳವಡಿಸುವ) ಫೈಲ್ ಬಂದರೆ ಮುಟ್ಟಲೇಬೇಡಿ. ಬ್ಯಾಂಕ್ ಖಾತೆ ದೋಚುವ ಜಾಲ ಅದು. ಒತ್ತಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕಾರಿನ ಬ್ಲೂಟೂತ್‌ನಲ್ಲಿ ಮಾತಾಡಿದರೆ ತಪ್ಪಿಲ್ಲ ತಾನೇ? ಪಕ್ಕದಲ್ಲಿ ಕೂತವರ ಜೊತೆ ಮಾತಾಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?
— ಎನ್.ಜಿ., ಮೈಸೂರು

ಫೋನ್ ಕೈಗೆ ತೆಗೆದುಕೊಳ್ಳದೆ, ಸ್ಟಿಯರಿಂಗ್ ಮೇಲಿನ ಗುಂಡಿಯಿಂದ ಎತ್ತಿ ಕಾರಿನ ಸ್ಪೀಕರಿನಲ್ಲಿ ಮಾತಾಡಿದರೆ 184ರ ಆ ಮಾತು ನೇರವಾಗಿ ತಗುಲದು. ನಂಬರ್ ಹುಡುಕಲು ಫೋನ್ ಎತ್ತಿದಿರೋ, ತಗುಲಿತು.

ಕಾನೂನು ಬಿಟ್ಟಿದೆ ಎಂದರೆ ಅಪಾಯವಿಲ್ಲ ಎಂದಲ್ಲ. ಟೊರಾಂಟೊದಲ್ಲಿ 1997ರಲ್ಲಿ, ಆಸ್ಟ್ರೇಲಿಯಾದ ಪರ್ತ್‌ನಲ್ಲಿ 2005ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಅಪಘಾತಕ್ಕೊಳಗಾದ ಚಾಲಕರ ಫೋನ್ ದಾಖಲೆಗಳನ್ನು ತಾಳೆ ನೋಡಿದವು. ಮಾತಾಡುವಾಗ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು. ಫೋನ್ ಕೈಯಲ್ಲಿ ಹಿಡಿಯದೆ ಮಾತಾಡಿದವರಿಗೂ ಅದರಲ್ಲಿ ರಿಯಾಯಿತಿ ಏನೂ ಸಿಗಲಿಲ್ಲ. ಕಣ್ಣು ರಸ್ತೆಯ ಮೇಲಿದ್ದರೂ ಕಂಡದ್ದು ತಲೆಗೆ ಇಳಿಯುವುದಿಲ್ಲ. ‘ಎಲ್ಲಿಂದ ಬಂದನೋ ಗೊತ್ತೇ ಆಗಲಿಲ್ಲ’ ಎಂದು ಠಾಣೆಯಲ್ಲಿ ಹೇಳುವವರು ಎಷ್ಟೋ ಸಲ ನಿಜವನ್ನೇ ಹೇಳುತ್ತಿರುತ್ತಾರೆ. ಅಮೆರಿಕದ ರಸ್ತೆ ಸುರಕ್ಷತೆಯ ಎಎಎ ಪ್ರತಿಷ್ಠಾನದ 2015ರ ಪ್ರಯೋಗಗಳಲ್ಲಿ, ಧ್ವನಿ ಆದೇಶ ಕೊಟ್ಟು ಮುಗಿಸಿದ ಮೇಲೂ ಗಮನ ಪೂರ್ತಿ ಮರಳಲು ಕೆಲವು ಸಾಧನಗಳಲ್ಲಿ 27 ಸೆಕೆಂಡಿನವರೆಗೆ ಹಿಡಿಯಿತು.

ಪಕ್ಕದಲ್ಲಿ ಕೂತವರಿಗೆ ರಸ್ತೆ ಕಾಣುತ್ತದೆ. ಎದುರು ಲಾರಿ ಬಂದರೆ ಅವರ ಮಾತು ತಾನಾಗಿ ನಿಲ್ಲುತ್ತದೆ, ‘ನೋಡಿ, ನೋಡಿ’ ಎಂದೂ ಕೂಗುತ್ತಾರೆ. ಫೋನಿನ ಆ ಕಡೆಯವರು ಅಡುಗೆಮನೆಯಲ್ಲಿ ನಿಂತು ಮದುವೆ ಛತ್ರದ ಬಾಡಿಗೆ ಕೇಳುತ್ತಲೇ ಇರುತ್ತಾರೆ.

ಮೆಸೇಜ್ ಓದುವವರಿಗೆ ಒಂದು ಅಳತೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಎರಡು ಸೆಕೆಂಡ್ ಕೆಳಗೆ ನೋಡಿದರೆ 33 ಮೀಟರ್, ಅಂದರೆ 12 ಮೀಟರಿನ ಸಿಟಿ ಬಸ್ಸು ಮೂರನ್ನು ಸಾಲಾಗಿ ನಿಲ್ಲಿಸಿದಷ್ಟು ದೂರ ಹೆಚ್ಚುಕಮ್ಮಿ ಕಣ್ಣುಮುಚ್ಚಿ ಹೋದಂತೆ. ಬ್ರೇಕ್ ಒತ್ತುವ ಕೆಲಸ ಆಮೇಲೆ ಶುರು.

ನಾನು ಫುಡ್ ಡೆಲಿವರಿ ಮಾಡುವವನು. ಮ್ಯಾಪ್ ಇಲ್ಲದೆ ಕೆಲಸವೇ ಇಲ್ಲ. ಹೋಲ್ಡರ್ ಹಾಕಿದ್ದರೂ ಹಿಡೀತಾರಾ?
— ಎಂ., ಬೆಂಗಳೂರು

ದಾರಿ ನೋಡಲು ಅಡ್ಡಿಯಿಲ್ಲ. 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಕೇಂದ್ರ ನಿಯಮದ ತಿದ್ದುಪಡಿ ಫೋನನ್ನು ದಾರಿ ತಿಳಿಯಲು ಮಾತ್ರ, ಅದೂ ಚಾಲಕನ ಗಮನ ಕೆಡದಂತೆ ಬಳಸಲು ಬಿಡುತ್ತದೆ. ಹೋಲ್ಡರಿನಲ್ಲಿದ್ದರೂ ಓಡುವಾಗ ಆರ್ಡರ್ ಒಪ್ಪುವುದು, ಗ್ರಾಹಕರಿಗೆ ಟೈಪ್ ಮಾಡುವುದು ಈ ವಿನಾಯಿತಿಯೊಳಗೆ ಬರುವುದಿಲ್ಲ.

ಹೋಲ್ಡರ್ ನಾಲ್ಕೂ ಮೂಲೆ ರಬ್ಬರಿನಿಂದ ಹಿಡಿಯುವಂಥದ್ದಿರಲಿ. ಕಟ್ಟಿದ ಮೇಲೆ ಹ್ಯಾಂಡಲನ್ನು ಎರಡೂ ಬದಿಗೆ ಕೊನೆಯ ತನಕ ತಿರುಗಿಸಿ ನೋಡಿ. ಚಾರ್ಜರ್ ವೈರು ಎಲ್ಲಾದರೂ ಬಿಗಿದರೆ ಯು-ಟರ್ನಿನಲ್ಲಿ ಹ್ಯಾಂಡಲ್ ಅರ್ಧಕ್ಕೇ ನಿಲ್ಲುತ್ತದೆ. ಸ್ಪೀಡೋಮೀಟರ್ ಮತ್ತು ಇಂಡಿಕೇಟರ್ ದೀಪ ಮುಚ್ಚಬಾರದು. ಎಂಜಿನ್ ಅದುರುವಿಕೆಯಿಂದ ಕ್ಯಾಮೆರಾ ಕೆಡಬಹುದೆಂದು ಆ್ಯಪಲ್ ಕಂಪನಿ 2021ರಲ್ಲೇ ಎಚ್ಚರಿಸಿದೆ, ಹಾಗಾಗಿ ನಡುವೆ ಅದುರು ತಡೆಯುವ ರಬ್ಬರ್ ತುಂಡು ಹಾಕಿಸಿ. ಮಳೆಹನಿ ತೆರೆಯ ಮೇಲೆ ಬಿದ್ದರೆ ಮ್ಯಾಪ್ ತಾನಾಗಿ ಸರಿಯುತ್ತದೆ, ಒರೆಸಲು ಕೈ ಹೋಗುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲ, ಜೊತೆಗೆ ಧ್ವನಿ ಸೂಚನೆ ಎರಡೂ ಬೇಕು. ಎರಡೂ ಕಿವಿಗೆ ಇಯರ್‌ಫೋನ್ ಬೇಡ, ಹಿಂದಿನ ಹಾರ್ನ್ ಕೇಳಿಸುವುದಿಲ್ಲ.

ವಿಳಾಸವನ್ನು ಸ್ಟ್ಯಾಂಡ್ ತೆಗೆಯುವ ಮೊದಲೇ ಹಾಕಿ. ಆರ್ಡರ್ ಸದ್ದಾದರೆ 30 ಮೀಟರ್ ಮುಂಚೆ ಎಡ ಇಂಡಿಕೇಟರ್ ಹಾಕಿ, ಜಂಕ್ಷನ್ ದಾಟಿದ ಮೇಲೆ ಅಂಚಿಗೆ ಹೋಗಿ, ಸೈಡ್ ಸ್ಟ್ಯಾಂಡ್ ಹಾಕಿ ಒತ್ತಿ. ಫ್ಲೈಓವರ್ ಮೇಲೆ, ತಿರುವಿನಲ್ಲಿ ನಿಲ್ಲಬೇಡಿ. ಆರ್ಡರ್ ಒಪ್ಪಲು ಆ್ಯಪ್ ಕೊಡುವ ಸೆಕೆಂಡುಗಳಿಗೂ ಬೆಂಗಳೂರಿನ ರಸ್ತೆ ಅಂಚಿಗೂ ಹೊಂದುವುದಿಲ್ಲ ಎಂಬುದು ಗೊತ್ತಿದೆ. ಆ ತಪ್ಪು ನಿಮ್ಮದಲ್ಲ, ಆದರೆ ಚಲನ್ ಮಾತ್ರ ನಿಮ್ಮ ಗಾಡಿಗೇ.

ತಮ್ಮನ ಬೈಕಿಗೆ ಕಾರು ಗುದ್ದಿ ಕಾಲು ಮುರಿದಿದೆ. ಕಾರಿನವನು ಫೋನ್‌ನಲ್ಲಿದ್ದ ಅಂತ ನೋಡಿದವರು ಹೇಳ್ತಾರೆ. ಸಾಬೀತು ಮಾಡುವುದು ಹೇಗೆ?
— ಎಸ್.ಎಚ್., ದಾವಣಗೆರೆ

ಮೊದಲು ಓಡಬೇಕಾದ್ದು ಅಕ್ಕಪಕ್ಕದ ಅಂಗಡಿಗಳಿಗೆ. ಅವರ ಸಿಸಿಟಿವಿ ಪೆಟ್ಟಿಗೆ ಕೆಲವೇ ವಾರಗಳಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ತನಿಖಾಧಿಕಾರಿಗೆ ಅಂಗಡಿಯ ಹೆಸರು, ಸಮಯ ಬರೆದು ಅರ್ಜಿ ಕೊಡಿ. ದೃಶ್ಯವನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರದೊಂದಿಗೆ ಪಡೆಯಬೇಕೆಂದು ಅದರಲ್ಲೇ ಕೇಳಿ. ಆ ಪ್ರಮಾಣಪತ್ರ ಇಲ್ಲದ ಪೆನ್‌ಡ್ರೈವ್ ಕೋರ್ಟಿನಲ್ಲಿ ಎಡವುತ್ತದೆ.

ಎರಡನೆಯದು ಕಾರು ಚಾಲಕನ ಕರೆ ವಿವರ. ನಿಮಗೆ ನೇರವಾಗಿ ಸಿಗದು. ಪೊಲೀಸರು ತರಿಸಬಹುದು, ಇಲ್ಲವೇ ಪರಿಹಾರದ ಅರ್ಜಿ ಹಾಕಿದ ಮೇಲೆ ನಿಮ್ಮ ವಕೀಲರು ಮೋಟಾರು ಅಪಘಾತ ನ್ಯಾಯಮಂಡಳಿಯ ಮೂಲಕ ತರಿಸಬಹುದು. ಕರೆ ಶುರುವಾದ ಹೊತ್ತು, ಎಷ್ಟು ಸೆಕೆಂಡ್ ನಡೆಯಿತು, ಯಾವ ಟವರ್ ಎಲ್ಲವೂ ಅದರಲ್ಲಿರುತ್ತದೆ. ಆದರೆ ಅಪಘಾತದ ಹೊತ್ತು ಖಚಿತವಾಗದೆ ಅದು ಬರೀ ಅಂಕಿಗಳ ಕಾಗದ. ‘ಸಂಜೆ ಸುಮಾರು 6 ಗಂಟೆಗೆ’ ಎಂದು ಬರೆದ ಎಫ್‌ಐಆರ್ ಸಾಲದು. 112ಕ್ಕೋ 108ಕ್ಕೋ ಮೊದಲು ಕರೆ ಹೋದ ನಿಮಿಷ ಆ ಕಡೆಯ ದಾಖಲೆಯಲ್ಲಿರುತ್ತದೆ. ಅದನ್ನೂ ತರಿಸಿ ಎರಡನ್ನೂ ಪಕ್ಕಪಕ್ಕ ಇಡಿ. ವಾಟ್ಸ್‌ಆ್ಯಪ್ ಕರೆ ಮಾತ್ರ ಈ ಪಟ್ಟಿಯಲ್ಲಿ ಕರೆಯಾಗಿ ಕಾಣದು, ಆ ಹೊತ್ತಿಗೆ ಡೇಟಾ ಓಡಿದ್ದು ಗೊತ್ತಾಗಬಹುದು ಅಷ್ಟೆ. ಹಾಗಾಗಿ ಕಣ್ಣಾರೆ ಕಂಡವರ ಹೇಳಿಕೆಯನ್ನು ಈಗಲೇ ಪೊಲೀಸರಲ್ಲಿ ದಾಖಲಿಸಿ.

ಕ್ರಿಮಿನಲ್ ಕೇಸು ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ರಡಿ ಬರುತ್ತದೆ. ಮೂಳೆ ಮುರಿತ ತೀವ್ರ ಗಾಯವಾದ್ದರಿಂದ 3 ವರ್ಷದವರೆಗೆ ಸಜೆಗೆ ಅವಕಾಶವಿದೆ. ಜೀವವೇ ಹೋಗಿದ್ದರೆ 106(1), 5 ವರ್ಷದವರೆಗೆ. ತಮ್ಮನ ಫೋನಿನ ದಾಖಲೆಯನ್ನೂ ಎದುರು ಪಕ್ಷ ಕೇಳಬಹುದು ಎಂಬುದು ನೆನಪಿರಲಿ. ತಮ್ಮನೂ ಫೋನಿನಲ್ಲಿ ಮಾತಾಡುತ್ತಿದ್ದರೆಂದಾದರೆ ತಪ್ಪಿನಲ್ಲಿ ಅವರ ಪಾಲೂ ಇದೆಯೆಂದು ಪರಿಹಾರ ಕಡಿತವಾಗುತ್ತದೆ.

ಪೊಲೀಸರೇ ಬೈಕ್ ಮೇಲೆ ಫೋನ್ ಹಿಡಿದು ಹೋಗ್ತಾರಲ್ಲ?
— ಟಿ.ಆರ್., ತುಮಕೂರು

ಕಾಯ್ದೆಯ 210ಬಿ ಅವರಿಗೆಂದೇ ಇದೆ. ಜಾರಿ ಮಾಡುವ ಅಧಿಕಾರಿಯೇ ತಪ್ಪಿದರೆ ದಂಡ ದುಪ್ಪಟ್ಟು. ಗಾಡಿ ಸಂಖ್ಯೆ, ಜಾಗ, ಸಮಯ ಕಾಣುವ ಫೋಟೋದೊಂದಿಗೆ ದೂರು ಕೊಡಬಹುದು. ಫೋಟೋ ಹಿಂದೆ ಕೂತವರು ತೆಗೆಯಲಿ, ಓಡಿಸುತ್ತಿರುವ ನೀವಲ್ಲ.

ಮಗ ಓದಲು ಇಂಗ್ಲೆಂಡಿಗೆ ಹೊರಟಿದ್ದಾನೆ, ಅಲ್ಲಿ ಕಾರು ಓಡಿಸುವ ಆಸೆ. ಅಲ್ಲಿ ಹೇಗೆ?
— ಪಿ.ಕೆ., ಉಡುಪಿ

ಬಿಗಿ. ಫೋನ್ ಕೈಯಲ್ಲಿ ಹಿಡಿದರೆ 200 ಪೌಂಡ್ ದಂಡ, ಲೈಸೆನ್ಸಿನ ಮೇಲೆ 6 ದಂಡದ ಅಂಕ. ಅಲ್ಲಿಯ ಲೈಸೆನ್ಸ್ ಪಡೆದು ಎರಡು ವರ್ಷ ತುಂಬದವರು 6 ಅಂಕ ಬಿದ್ದರೆ ಲೈಸೆನ್ಸನ್ನೇ ಕಳೆದುಕೊಳ್ಳುತ್ತಾರೆ. 2022ರ ಮಾರ್ಚ್‌ನಿಂದ ಹಾಡು ಬದಲಿಸಲು, ಫೋಟೋ ತೆಗೆಯಲು ಎತ್ತಿದರೂ ತಪ್ಪು, ಸಿಗ್ನಲ್‌ನಲ್ಲಿ ನಿಂತಿದ್ದರೂ ತಪ್ಪು.

ನಮ್ಮ ಯಜಮಾನರು ದಿನಾ ಶಿವಮೊಗ್ಗ–ಭದ್ರಾವತಿ ಓಡಾಡುತ್ತಾರೆ. ಫೋನ್ ಎತ್ತದಿದ್ದರೆ ನನಗೆ ಗಾಬರಿ, ಎತ್ತಿದರೂ ಗಾಬರಿ. ಏನು ಮಾಡಲಿ?
— ಎಲ್., ಭದ್ರಾವತಿ

ಗೂಗಲ್ ಮ್ಯಾಪ್‌ನಲ್ಲಿ ಅವರು ಹೊರಡುವ ಮೊದಲು ‘ಲೊಕೇಶನ್ ಶೇರಿಂಗ್’ ಒತ್ತಿ ನಿಮ್ಮ ಹೆಸರು ಆರಿಸಲಿ. ಎಲ್ಲಿದ್ದಾರೆ ಎಂದು ನೀವೇ ನೋಡಬಹುದು, ಕರೆಯೇ ಬೇಕಿಲ್ಲ. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಫೋಕಸ್, ಅದರೊಳಗೆ ಡ್ರೈವಿಂಗ್. ಕಾರಿನ ಬ್ಲೂಟೂತ್ ಸಿಕ್ಕ ಕೂಡಲೇ ಶುರುವಾಗುವಂತೆ ಇಟ್ಟರೆ ಮೆಸೇಜಿಗೆ ‘ಗಾಡಿ ಓಡಿಸುತ್ತಿದ್ದೇನೆ’ ಎಂಬ ಉತ್ತರ ತಾನಾಗಿ ಹೋಗುತ್ತದೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲೂ ಡ್ರೈವಿಂಗ್ ಮೋಡ್ ಇದೆ. ಇನ್ನು ತುರ್ತಿನ ಮಾತು: ಒಮ್ಮೆ ರಿಂಗಾದರೆ ಸಾಮಾನ್ಯ, ಬೆನ್ನುಬೆನ್ನಿಗೆ ಎರಡು ಸಲ ರಿಂಗಾದರೆ ಎಡಕ್ಕೆ ನಿಲ್ಲಿಸಿ ವಾಪಸ್ ಮಾಡುವುದು ಎಂದು ಇಬ್ಬರೂ ಮಾತಾಡಿಕೊಳ್ಳಿ. ಆ ಮೋಡ್ ಹಾಕಿದ್ದರೆ ಎರಡನೇ ಸಲದ ಕರೆ ಸದ್ದು ಮಾಡುವಂತೆ ಬಿಡುವ ಆಯ್ಕೆಯನ್ನೂ ಅದರಲ್ಲಿ ಆನ್ ಮಾಡಿಡಬೇಕು. ಈರುಳ್ಳಿ ತರಲು ಹೇಳುವುದಿದ್ದರೆ ಮೆಸೇಜ್ ಸಾಕು, ಅಂಗಡಿ ಮುಂದೆ ನಿಂತಾಗ ಓದಿಕೊಳ್ಳುತ್ತಾರೆ.